ಚಳಿಗಾಲದ ಮುಂಜಾನೆ: ಮಸುಕು ಗಾಜು, ಹಿಂದಿನ ಟ್ರೈಲರ್

ಹಾಲು ಉತ್ಪಾದಕರೇ, ಮುಂಜಾನೆ ಡೇರಿಗೆ ಹೊರಟಾಗ ಜೀಪಿನ ಗಾಜು ಒಳಗಿನಿಂದ ಮಸುಕಾಗುತ್ತದೆಯೇ? ಉಸಿರಿನ, ಒದ್ದೆ ಬಟ್ಟೆಯ ತೇವ ತಣ್ಣನೆಯ ಗಾಜಿಗೆ ತಾಗಿ ನೀರಾಗುವುದೇ ಕಾರಣ. ಕೈಯಿಂದ ಒರೆಸಿದರೆ ಮತ್ತೆ ಕಟ್ಟುತ್ತದೆ. ಎಸಿ ಹಾಕಿ, ಹೊರಗಾಳಿ ಒಳಬರುವಂತೆ ಮಾಡಿ, ಬಿಸಿಗಾಳಿಯನ್ನು ಗಾಜಿನತ್ತ ಬಿಡಿ. ಎಸಿ ಇಲ್ಲದಿದ್ದರೆ ಕಿಟಕಿಗಳನ್ನು ಎರಡು ಬೆರಳಿನಷ್ಟು ತೆರೆದಿಡಿ. ಗಾಜು ತಿಳಿಯಾದ ಮೇಲೆಯೇ ಹೊರಡಿ.

ಟ್ರೈಲರ್ ಇದ್ದರೆ ಕೊಕ್ಕೆಯ ಪಿನ್, ಅದರ ಲಾಕ್, ಸರಪಳಿ ನೋಡಿ. ಮೇವು, ಕ್ಯಾನುಗಳ ಭಾರ ಅಚ್ಚಿಗಿಂತ ತುಸು ಮುಂದಿರಲಿ. ಹಿಂದೆ ಹೆಚ್ಚಾದರೆ ಟ್ರೈಲರ್ ತೂಗಾಡುತ್ತದೆ. ಹಾಗಾದಾಗ ಜೋರಾಗಿ ಬ್ರೇಕ್ ಹಾಕದೆ, ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೇರ ಹಿಡಿಯಿರಿ. ಹಿಂದಿನ ಕೆಂಪು ದೀಪ, ರಿಫ್ಲೆಕ್ಟರ್ ಮೇಲಿನ ಕೆಸರು ಒರೆಸಿ. ಮಂಜಿನಲ್ಲಿ ಹಿಂದೆ ಬರುವ ಬೈಕಿನವರ ಜೀವ ಉಳಿಸುವುದು ಅದೇ. ಐದು ನಿಮಿಷ ಬೇಗ ಎದ್ದು ಇಷ್ಟು ನೋಡಿಕೊಳ್ಳಿ.