ಮೊಳಕೆ ತಿಂದರೆ ಸಕ್ಕರೆ ಇಳಿಯುತ್ತದೆಯೇ?

ಪ್ರಶ್ನೆ: ಬ್ರೊಕೊಲಿ ಮೊಳಕೆಯಿಂದ ರಕ್ತದ ಸಕ್ಕರೆ, ಮಂಡಿನೋವು ಎರಡೂ ತಗ್ಗುತ್ತವಂತೆ, ನಿಜವೇ?

ಉತ್ತರ: ಸಕ್ಕರೆಯ ಮಟ್ಟಿಗೆ ಸ್ವಲ್ಪ ನಿಜ, ನೋವಿನ ಮಟ್ಟಿಗೆ ಸದ್ಯಕ್ಕೆ ಆಸೆಯಷ್ಟೆ. ಗ್ಲುಕೋರಾಫನಿನ್ ಎಂಬ ವಸ್ತು ಬಲಿತ ಬ್ರೊಕೊಲಿಗಿಂತ ಅದರ ಮೂರು ದಿನದ ಮೊಳಕೆಯಲ್ಲಿ 10ರಿಂದ 100 ಪಟ್ಟು ಹೆಚ್ಚಿರುತ್ತದೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಜ್ಞಾನಿಗಳು 1997ರಲ್ಲಿ ತೋರಿಸಿದರು. ಅಗಿದಾಗ ಅದು ಸಲ್ಫೊರಾಫೇನ್ ಆಗುತ್ತದೆ. ಸ್ವೀಡನ್ನಿನಲ್ಲಿ ಟೈಪ್ 2 ಮಧುಮೇಹದ 97 ಮಂದಿಯ ಮೇಲೆ 12 ವಾರ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊಳಕೆಯ ಸಾರ ಸೇವಿಸಿದವರ ಪೈಕಿ ಸಕ್ಕರೆ ಹತೋಟಿ ತಪ್ಪಿದ್ದ ಸ್ಥೂಲಕಾಯದವರಿಗೆ ಖಾಲಿಹೊಟ್ಟೆಯ ಸಕ್ಕರೆ ಇಳಿಯಿತು. ಯಕೃತ್ತು ಗ್ಲೂಕೋಸ್ ತಯಾರಿಸುವುದನ್ನು ಸಲ್ಫೊರಾಫೇನ್ ತಗ್ಗಿಸುವುದೇ ಇದಕ್ಕೆ ಕಾರಣವೆಂದು ಸಂಶೋಧಕರ ವಿವರಣೆ.

ಹಾಗಾದರೆ ಮಾತ್ರೆ ಬಿಟ್ಟು ಮೊಳಕೆ ತಿಂದರಾಯಿತಲ್ಲ ಎನ್ನಬಹುದು. ಆದರೆ ಅಲ್ಲಿ ಕೊಟ್ಟದ್ದು ಸಾಂದ್ರೀಕರಿಸಿದ ಸಾರ. ಅದನ್ನು ಪಡೆದ ಬಹುತೇಕರು ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ ನುಂಗುತ್ತಲೇ ಇದ್ದರು. ತಟ್ಟೆಯ ಒಂದು ಹಿಡಿ ಮೊಳಕೆ ಅದಕ್ಕೆ ಸಮವಲ್ಲ, ಬೇಯಿಸಿದರಂತೂ ಸಲ್ಫೊರಾಫೇನ್ ಹುಟ್ಟಿಸುವ ಕಿಣ್ವವೇ ಕೆಡುತ್ತದೆ. ನಮ್ಮ ಹೆಸರುಕಾಳಿನ ಮೊಳಕೆಯಲ್ಲಿ ಈ ವಸ್ತುವಿಲ್ಲ. ನಾರು, ಪ್ರೋಟೀನಿನಿಂದ ಅದು ಒಳ್ಳೆಯದು, ಅದು ಬೇರೆ ಮಾತು. ಉರಿಯೂತ, ನೋವು ತಗ್ಗಿದ್ದಕ್ಕೆ ಸಿಗುವ ಪುರಾವೆ ಹೆಚ್ಚಾಗಿ ಇಲಿಗಳದ್ದು. ಸಹಜ ಆಹಾರ, ಏನು ಅಪಾಯ ಎಂಬ ವಾದವೂ ನಿಲ್ಲದು: 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿಗೆ 50ಕ್ಕೂ ಹೆಚ್ಚು ಜನ ಬಲಿಯಾದರು. ಆದ್ದರಿಂದ ಮೊಳಕೆ ಊಟದ ಜೊತೆಗಿರಲಿ, ಔಷಧದ ಜಾಗಕ್ಕೆ ಬೇಡ.