ಬೋಳಾರದ ವಿಶುಕುಮಾರ್: ಗರೋಡಿಯ ಕಥೆಯನ್ನು ಬೆಳ್ಳಿತೆರೆಗೆ ತಂದವರು

ನೇತ್ರಾವತಿ ನದಿಯು ಕಡಲನ್ನು ಕೂಡುವ ಮುನ್ನ ಮಂಗಳೂರಿನ ದಕ್ಷಿಣದ ಅಂಚನ್ನು ಸವರಿಕೊಂಡು ಹರಿಯುವ ಎಡೆಯಲ್ಲಿ, ಜೆಪ್ಪು, ಹೊಯಿಗೆಬಜಾರ್, ಮಂಗಳಾದೇವಿಗಳ ನೆರೆಯಲ್ಲಿ, ಹಳೆಕೋಟೆ ಮಾರಿಯಮ್ಮನ ಸನ್ನಿಧಿಯನ್ನು ಒಡಲಲ್ಲಿರಿಸಿಕೊಂಡು ನೆಲಸಿರುವ ಬೋಳಾರವು, ಒಂದು ಕಾಲಕ್ಕೆ ಹಂಚಿನ ಕಾರ್ಖಾನೆಗಳ ಹೊಗೆಯನ್ನೂ, ಆವೆಮಣ್ಣು ಹೇರಿಕೊಂಡು ಹೊಳೆಯಲ್ಲಿ ಬರುತ್ತಿದ್ದ ದೋಣಿಗಳನ್ನೂ, ಸಂಜೆಯಾದೊಡನೆ ಕೆಂಪು ಧೂಳಿನ ಮೈಯಲ್ಲಿ ಮನೆಗೆ ಮರಳುತ್ತಿದ್ದ ಕೂಲಿಯಾಳುಗಳನ್ನೂ ನಿತ್ಯ ಕಂಡ ಊರು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮವು ಈ ಹೊಳೆದಂಡೆಯ ಉದ್ದಕ್ಕೂ ಹಬ್ಬಿದುದರಿಂದ, ಕಡಲನ್ನು ನಂಬಿದವರೂ ಆವಿಗೆಯನ್ನು ನಂಬಿದವರೂ ಇಲ್ಲಿ ಒಂದೇ ಓಣಿಯಲ್ಲಿ ಬಾಳಿದರು. ತುಳು ಮನೆಮಾತು, ಕನ್ನಡ ಶಾಲೆಯ ಮಾತು, ಕೊಂಕಣಿ ನೆರೆಮನೆಯ ಮಾತು.

ಕಾದಂಬರಿಕಾರ, ನಾಟಕಕಾರ, ಪತ್ರಕರ್ತ, ಚಿತ್ರನಿರ್ದೇಶಕ ಎಂಬ ಬಿರುದುಗಳೆಲ್ಲವನ್ನೂ ಒಬ್ಬರೇ ಹೊತ್ತ ವಿಶುಕುಮಾರರು ಹುಟ್ಟಿದ್ದು ಇಂತಹ ಬೋಳಾರದಲ್ಲಿ, 1935ರಲ್ಲಿ. ಬಿಲ್ಲವ ಮನೆತನದಲ್ಲಿ ಜನಿಸಿ, ಸರಕಾರದ ವಾರ್ತಾ ಇಲಾಖೆಯಲ್ಲಿ ಅಧಿಕಾರಿಯಾಗಿ, ನೌಕರಿಯ ನಡುವೆಯೇ ಕಾದಂಬರಿಗಳನ್ನು ಬರೆದು, ರಂಗಭೂಮಿಯಲ್ಲಿ ಕೈಯಾಡಿಸಿ, ಸಿನಿಮಾದ ಸಾಹಸಕ್ಕೆ ಇಳಿದು, ಕಡೆಗೆ ರಾಜಕೀಯದ ಅಂಗಳವನ್ನೂ ಹೊಕ್ಕ ಈ ಜೀವನವನ್ನು ದೂರದಿಂದ ನೋಡುವವರಿಗೆ ಒಂದೆಡೆ ನೆಲೆನಿಲ್ಲದ ಚಾಪಲ್ಯವೆಂಬ ಭ್ರಮೆ ಉಂಟಾದೀತು. ಆದರೆ ತಾನು ಬಲ್ಲ ಜನರ ಕಥೆಯನ್ನು ಅದನ್ನು ಅರಿಯದವರ ಬಳಿಗೆ ಒಯ್ಯುವುದೊಂದೇ ಅವರ ಹಂಬಲವಾಗಿತ್ತೆಂದೂ, ಪುಸ್ತಕವು ಮುಟ್ಟದ ಕಡೆಗೆ ನಾಟಕವನ್ನೂ, ನಾಟಕವು ಮುಟ್ಟದ ಕಡೆಗೆ ಚಿತ್ರವನ್ನೂ ಅವರು ಕಳುಹಿದರೆಂದೂ ನನಗೆ ತೋರುತ್ತದೆ.

ಸರಕಾರದ ಸುದ್ದಿಯನ್ನು ತಿದ್ದಿತೀಡಿ ಹೊರಡಿಸುವ ಉದ್ಯೋಗವು ಸಾಹಿತಿಗೆ ಮಾರಕವೆಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ನಾನು ಅದನ್ನು ಪೂರ್ಣವಾಗಿ ಒಪ್ಪುವವನಲ್ಲ. ಹತ್ತು ಪುಟದ ಕಡತವನ್ನು ಹತ್ತು ಸಾಲಿಗೆ ಇಳಿಸುವ ಅಭ್ಯಾಸವುಳ್ಳವನಿಗೆ ಯಾವುದು ಸಾರ, ಯಾವುದು ಸಿಪ್ಪೆ ಎಂಬುದು ಬೇಗ ಗೋಚರವಾಗುತ್ತದೆ. ಚಿತ್ರಕಥೆಯನ್ನು ಹೆಣೆಯುವವನಿಗೆ ಇದಕ್ಕಿಂತ ಮಿಗಿಲಾದ ಸಾಧನ ಮತ್ತೊಂದಿಲ್ಲ.

ಆ ಸಾಧನವು ನಿಜವಾಗಿ ಪರೀಕ್ಷೆಗೆ ಒಳಗಾದದ್ದು 1973ರಲ್ಲಿ ತೆರೆಕಂಡ ಅವರ ತುಳು ಚಿತ್ರ 'ಕೋಟಿ ಚೆನ್ನಯ'ದಲ್ಲಿ. ತುಳುವಿನ ಮೊದಲ ಚಿತ್ರ 'ಎನ್ನ ತಂಗಡಿ' ಬಂದದ್ದು 1971ರ ಫೆಬ್ರವರಿಯಲ್ಲಿ, ಕೆ. ಎನ್. ಟೇಲರ್ ಮೊದಲಾದ ನಾಟಕದ ಮಂದಿ ಅದೇ ಉತ್ಸಾಹದಲ್ಲಿ ಕ್ಯಾಮೆರಾದ ಕಡೆಗೆ ತಿರುಗಿದ್ದರು. ಆ ಹೊತ್ತಿನ ತುಳು ಚಿತ್ರಗಳೆಲ್ಲ ಕಪ್ಪು ಬಿಳುಪಿನವು, ಕೈಯಲ್ಲಿದ್ದ ಹಣವೂ ಅಷ್ಟಕ್ಕಷ್ಟೆ. ಸಾಮಾಜಿಕ ಕಥೆಯೊಂದನ್ನು ನಾಲ್ಕು ಗೋಡೆಗಳ ನಡುವೆ ಮುಗಿಸಿಬಿಡುವುದು ಸುಲಭವಾಗಿದ್ದ ಕಾಲದಲ್ಲಿ, ಅರಮನೆ, ಗದ್ದೆ, ಕಾಡು, ಕಾಳಗಗಳನ್ನು ಬೇಡುವ ವೀರಗಾಥೆಯೊಂದಕ್ಕೆ ಕೈಹಚ್ಚುವುದಕ್ಕೆ ಎದೆಗಾರಿಕೆ ಬೇಕಿತ್ತು. ತುಳುನಾಡಿನ ಮಗಳೆನಿಸಿದ ನಟಿ ಕಲ್ಪನಾ ಅದರಲ್ಲಿ ಅಭಿನಯಿಸಿದರು. ವಿಜಯಭಾಸ್ಕರ್ ಸಂಗೀತ ನೀಡಿದರು.

ಕೋಟಿ ಚೆನ್ನಯರೆಂಬ ಅವಳಿ ವೀರರ ವೃತ್ತಾಂತವು ತುಳುವರಿಗೆ ಹೊಸತಲ್ಲ. ಬಾಸೆಲ್ ಮಿಶನ್ನಿನ ಮ್ಯಾನರ್ ಪಾದ್ರಿಗಳು ಪಾಡ್ದನಗಳೆಂಬ ತುಳು ಕಥನಗೀತೆಗಳನ್ನು ಸಂಗ್ರಹಿಸಿ 1886ರಲ್ಲಿ ಮಂಗಳೂರಿನಲ್ಲಿಯೇ ಅಚ್ಚು ಹಾಕಿಸಿದ್ದರು. ಪಂಜೆ ಮಂಗೇಶರಾಯರು ಈ ಅವಳಿಗಳನ್ನು ಕನ್ನಡ ಗದ್ಯಕ್ಕೆ ತಂದು ಶಾಲೆಯ ಮಕ್ಕಳಿಗೂ ಪರಿಚಯಿಸಿದ್ದರು. ಪಡುಮಲೆಯ ಅರಸ ಪೆರುಮಾಳು ಬಲ್ಲಾಳನ ವ್ರಣವನ್ನು ತುಂಬುಗರ್ಭಿಣಿ ದೇಯಿ ಬೈದೆತಿ ಮದ್ದು ಮಾಡಿ ಗುಣಪಡಿಸುವುದು, ಹುಟ್ಟಲಿರುವ ಮಕ್ಕಳಿಗೆ ಬಲ್ಲಾಳನು ವಾಗ್ದಾನ ಕೊಡುವುದು, ಬೆಳೆದ ಅವಳಿಗಳಿಗೂ ಮಂತ್ರಿ ಮಲ್ಲಯ್ಯ ಬುದ್ಯಂತನಿಗೂ ಗದ್ದೆಯ ನೀರಿನ ನೆವದಲ್ಲಿ ಕಲಹವಾಗಿ ಬುದ್ಯಂತನು ಹತನಾಗುವುದು, ಬಲ್ಲಾಳನು ಕೊಟ್ಟ ಮಾತಿಗೆ ತಪ್ಪಲು ಅವರು ಪಡುಮಲೆಯನ್ನು ತೊರೆದು ಪಂಜ, ಎಣ್ಮೂರುಗಳ ಕಡೆಗೆ ನಡೆಯುವುದು, ಎಣ್ಮೂರಿನ ಕಾಳಗದಲ್ಲಿ ವೀರಮರಣವನ್ನಪ್ಪಿ ಗರೋಡಿಗಳೆಂಬ ಗುಡಿಗಳಲ್ಲಿ ಆರಾಧ್ಯರಾಗುವುದು: ಇಷ್ಟನ್ನು ಅರಿಯದ ಮುದುಕಿಯರು ಜಿಲ್ಲೆಯಲ್ಲಿ ವಿರಳ.

ಕಥೆಯು ಎಲ್ಲರಿಗೂ ತಿಳಿದಿರುವುದೇ ಚಿತ್ರಕಥೆ ಬರೆಯುವವನ ಕಷ್ಟ. ಪಾಡ್ದನವು ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಕಂಠಕ್ಕೆ ಒಗ್ಗಿಕೊಂಡದ್ದು. ಅಲ್ಲಿ ಒಂದೇ ಮಾತು ಮೂರು ಬಾರಿ ಬಂದರೂ ಕೇಳುವವರಿಗೆ ಬೇಸರವಿಲ್ಲ, ದಾರಿ ನಡೆಯುವುದನ್ನೇ ಅರ್ಧ ತಾಸು ಹಾಡಬಹುದು. ತೆರೆಯ ಮೇಲೆ ಅವೇ ಪುನರುಕ್ತಿಗಳು ಭಾರವಾಗುತ್ತವೆ. ಇನ್ನೊಂದು ಕಡೆಯಿಂದ, ಟಿಕೆಟು ಕೊಂಡು ಕುಳಿತವರಲ್ಲಿ ಎಷ್ಟೋ ಮಂದಿಗೆ ಆ ಇಬ್ಬರು ಬರಿಯ ಕಥಾನಾಯಕರಲ್ಲ. ದೈವಾರಾಧನೆಯ ನೇಮದ ರಾತ್ರಿ ಸುರಿಯವೆಂಬ ಕಿರುಗತ್ತಿ ಹಿಡಿದು ಎದುರು ನಿಲ್ಲುವ ಬೈದ್ಯರುಗಳು. ಅವರನ್ನು ದೈವವಾಗಿಯೇ ತೋರಿಸಿದರೆ ಕಥೆಯಲ್ಲಿ ಮನುಷ್ಯರೇ ಉಳಿಯುವುದಿಲ್ಲ, ಬರಿಯ ಮನುಷ್ಯರಾಗಿ ತೋರಿಸಿದರೆ ಭಕ್ತರು ಸಹಿಸುವುದಿಲ್ಲ. ಗದ್ದೆಯ ಹುಣಿಯ ಮೇಲೆ ನಿಂತು ನೀರಿಗಾಗಿ ವಾದಿಸುವ ಇಬ್ಬರು ಒಕ್ಕಲು ಹುಡುಗರು, ಅವರೆದುರು ಅಧಿಕಾರದ ಗತ್ತಿನ ಬುದ್ಯಂತ: ಈ ಸನ್ನಿವೇಶದಲ್ಲಿ ದೈವತ್ವದ ಸೋಂಕೂ ಇಲ್ಲ, ಅದರ ಅಗತ್ಯವೂ ಇಲ್ಲ, ಭೂಮಿಯಿದ್ದವನಿಗೂ ದುಡಿಯುವವನಿಗೂ ಇರುವ ಹಳೆಯ ಜಗಳ ಅದು. ಉಳುವವನೇ ಹೊಲದೊಡೆಯನೆಂಬ ಘೋಷಣೆ ಎಲ್ಲೆಡೆ ಕೇಳಿಬರುತ್ತಿದ್ದ, ದೇವರಾಜ ಅರಸರ ಭೂಸುಧಾರಣೆ ಬಾಗಿಲಿಗೆ ಬಂದು ನಿಂತಿದ್ದ ಆ ದಿನಗಳಲ್ಲಿ ಈ ದೃಶ್ಯವನ್ನು ಕಂಡ ಗೇಣಿದಾರನಿಗೆ ಅದರ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಕಾದಂಬರಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಅಷ್ಟು ನಿಶ್ಚಿತವಲ್ಲ. ಕಡಲತಡಿಯ ಜನಜೀವನವನ್ನು ವಸ್ತುವಾಗಿ ಮಾಡಿಕೊಂಡ 'ಕರಾವಳಿ'ಯೇ ಅವುಗಳಲ್ಲಿ ಹೆಚ್ಚು ಹೆಸರಾದದ್ದು. ತಮ್ಮ ಕಾದಂಬರಿಯನ್ನು ಅನ್ಯರ ಕೈಗೆ ಕೊಟ್ಟು ಆಮೇಲೆ ಹಳಹಳಿಸುವ ಲೇಖಕರೇ ಹೆಚ್ಚಾಗಿರುವ ನಾಡಿನಲ್ಲಿ ವಿಶುಕುಮಾರರು ಅದನ್ನು 1977ರಲ್ಲಿ ತಾವೇ ಕನ್ನಡದಲ್ಲಿ ನಿರ್ದೇಶಿಸಿದರು. ಶಿವರಾಮ ಕಾರಂತರಂತಹವರು ಕರಾವಳಿಯನ್ನು ತಲೆಮಾರುಗಳ ನಿಡಿದಾದ ನಡಿಗೆಯಲ್ಲಿ ಕಂಡರೆ, ನಾಟಕದ ನಂಟಿದ್ದ ವಿಶುಕುಮಾರರ ಒಲವು ಮುಖಾಮುಖಿಯ ಕಡೆಗೆ, ಆಡುಮಾತಿನ ಬಿಸಿಯ ಕಡೆಗೆ. ಇದರಿಂದ ಬರಹಕ್ಕೆ ವೇಗ ಬಂದಿತು. ನಿಂತು ನೋಡುವ ತಾಳ್ಮೆ ಕೆಲವೆಡೆ ಕಡಮೆಯಾಯಿತು.

ರಾಜಕೀಯದಲ್ಲಿ ಬಂಗಾರಪ್ಪನವರ ಕ್ರಾಂತಿರಂಗ ಪಕ್ಷದೊಡನೆ ಅವರು ಗುರುತಿಸಿಕೊಂಡ ಅಧ್ಯಾಯವು ದೀರ್ಘವಾಗಲಿಲ್ಲ. 1986ರಲ್ಲಿ, ಐವತ್ತನ್ನು ದಾಟಿದ ಮರುವರ್ಷವೇ, ಅವರು ತೀರಿಕೊಂಡರು. ಯುವವಾಹಿನಿ ಸಂಸ್ಥೆಯು ಅವರ ಹೆಸರಿನಲ್ಲಿ ಸಾಹಿತ್ಯ ಪ್ರಶಸ್ತಿಯೊಂದನ್ನು ನಡೆಸಿಕೊಂಡು ಬಂದಿದೆ. ಪ್ರಶಸ್ತಿಯ ಸಮಾರಂಭಕ್ಕೆ ಸೇರುವಷ್ಟು ಜನ ಅವರ ಪುಸ್ತಕಗಳನ್ನೂ ಹುಡುಕಿಕೊಂಡು ಹೋಗುವಂತಾಗಬೇಕಾದರೆ ಆ ಕಾದಂಬರಿಗಳು ಮೊದಲು ಅಂಗಡಿಯ ಕಪಾಟಿಗೆ ಬರಬೇಕು. ಕರಾವಳಿಯ ಪ್ರಕಾಶಕರಲ್ಲಿ ಯಾರಾದರೂ 'ಕರಾವಳಿ'ಯಿಂದಲೇ ಆ ಕೆಲಸವನ್ನು ಆರಂಭಿಸಬಹುದು.