ಮೂರು ಸೀಳುಗಳು ಮತ್ತು ಒಂದು ವರ್ಗ

ನವಲಗುಂದ, ಕಲಘಟಗಿಯ ಪ್ರೌಢಶಾಲೆಗಳಲ್ಲೂ ಮಕ್ಕಳು (ಎ+ಬಿ+ಸಿ)² ವಿಸ್ತರಿಸುತ್ತಾರೆ. ಎರಡೆರಡು ಅಕ್ಷರಗಳ ಗುಣಲಬ್ಧ ಬರುತ್ತದೆ. ಮೂರೂ ಕೂಡಿದ್ದು ಬರುವುದಿಲ್ಲ. ಬಾರ್ನ್ ನಿಯಮದಂತೆ, ಬೆಳಕಿನ ಕಣ ಒಂದೆಡೆ ಸಿಗುವ ಸಂಭವನೀಯತೆಯೂ ಇಂಥದೇ ವರ್ಗ. ಹಾಗಾದರೆ ಸೀಳುಗಳು ಮೂರಿದ್ದರೂ ವ್ಯತಿಕರಣ ಜೋಡಿಗಳ ನಡುವೆ ಮಾತ್ರ ಆಗಬೇಕು! ಉರ್ಬಸಿ ಸಿನ್ಹಾ ಮತ್ತು ಸಂಗಡಿಗರು ಇದನ್ನು ಕೆನಡಾದಲ್ಲಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು: ಮೂರರ ಪದವೇನಾದರೂ ಇದ್ದರೆ, ಅದು ಜೋಡಿ ವ್ಯತಿಕರಣದ ನೂರನೇ ಒಂದು ಪಾಲಿಗಿಂತ ಕಡಿಮೆ. ಮುಂದೆ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕ್ವಾಂಟಂ ಪ್ರಯೋಗಾಲಯ ಕಟ್ಟಿದರು.

ಈ ದಾರಿ ಹಿಡಿಯುವ ಬಿ.ಎಸ್‌ಸಿ. ವಿದ್ಯಾರ್ಥಿ ಭೌತಶಾಸ್ತ್ರದೊಂದಿಗೆ ಗಣಿತವನ್ನು ಬಿಡಬಾರದು. ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ಸಮಗ್ರ ಪಿಎಚ್.ಡಿ.ಗೆ ಜ್ಯಾಮ್ ಪರೀಕ್ಷೆಯ ಜೊತೆಗೆ ಗಣಿತದ ಓದೂ ಬೇಕು. ಎಂ.ಎಸ್‌ಸಿ. ಮುಗಿಸಿದವರಿಗೆ ಜೆಸ್ಟ್, ಗೇಟ್, ನೆಟ್ ಪರೀಕ್ಷೆಗಳಿವೆ. ಶಿಕ್ಷಕರು ಇದನ್ನು ಪದವಿಯ ವಿಷಯಗಳನ್ನು ಆರಿಸುವಾಗಲೇ ತಿಳಿಸಬೇಕು. ಕೊನೆಯ ವರ್ಷದಲ್ಲಿ ತಿಳಿದರೆ ಪ್ರಯೋಜನವಿಲ್ಲ.